ಕೆಂದ್ಯಾನ ಮೆಲುಕು

ಸಕ್ರಪ್ಪನ ಎತ್ತು ಕೆಂದ್ಯಾ ಹೊದೆಯುವ ಒಂದು ಇಡೀ ಕೌದಿ ತಿಂದು ಅರಗಿಸಿಕೊಂಡದ್ದೇ ಎಲ್ಲ ರಗಳೆಗೂ ಮೂಲ.

ಬೇರೆ ಎತ್ತಾಗಿದ್ದರೆ ಹೊಟ್ಟೆ ಉಬ್ಬಿ ಸತ್ತಿರುತ್ತಿತ್ತು. ಕೆಂದ್ಯಾ ಮಾತ್ರ ಕೌದಿ ಮುಗಿಸಿ, ಕಣ್ಣು ಅರ್ಧ ಮುಚ್ಚಿ, ಉಂಡು ಎಲೆ ಅಡಿಕೆ ಹಾಕಿಕೊಂಡ ಗೌಡನಂತೆ ಮೆಲುಕಾಡಿಸುತ್ತ ಕೂತಿತು. ಸುದ್ದಿ ಡಂಬಳದ ಕೆರೆಯ ದಂಡೆಯ ಬಂಗಲೆಗೆ ಮುಟ್ಟಿತು. ಅಲ್ಲಿ ಪುಣೆಯ ಕಡೆಯಿಂದ ಬಂದ ಲಿಮಯೆ ಎಂಬ ವಿಜ್ಞಾನಿ ಬೀಡುಬಿಟ್ಟಿದ್ದ. ದನದ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಟಲೆ ಇರುತ್ತವೆ, ಕಣಿಕೆ ಹೊಟ್ಟು ಅರಗಿಸುವವು ಅವೇ ಹೊರತು ದನವಲ್ಲ ಎಂಬುದು ಅವನ ಶಾಸ್ತ್ರ. ಮಳೆಗಾಲವಿಡೀ ಕೆಂದ್ಯಾನ ಗಂಟಲಲ್ಲಿ ನಳಿಗೆ ಇಳಿಸಿ ಹೊಟ್ಟೆಯ ರಸ ತೆಗೆದುಕೊಂಡು ಹೋದ. ಅದನ್ನು ಗಾಜಿನ ಭರಣಿಗಳಲ್ಲಿ ತುಂಬಿ, ಬಿಸಿನೀರ ಹಂಡೆಯಲ್ಲಿ ನಿಲ್ಲಿಸಿ, ಹೊಟ್ಟು ಉಣಿಸಿ ಸಾಕಿದ. ನಮ್ಮೂರ ಬಾಣಂತಿಯರಿಗೂ ಅಷ್ಟು ಬಿಸಿನೀರು ಯಾವ ಕಾಲಕ್ಕೂ ಸಿಕ್ಕಿಲ್ಲ.

ಅದು ಐವತ್ತಾರನೇ ಇಸವಿ, ಅಕ್ಟೋಬರಿನ ಕೊನೆಯ ದಿನ. ಮರುದಿನ ಕನ್ನಡ ನಾಡು ಒಂದಾಗುವುದಿತ್ತು. ಬೆಳಿಗ್ಗೆಯೇ ಪಕ್ಕದ ಮನೆಯ ಅಮೃತವ್ವ ಸೆರಗು ಸಿಗಿಸಿಕೊಂಡು ಓಡಿಬಂದಳು.

"ಸಕ್ರಪ್ಪಾ, ಬಂಗಲೇಕ ಲಾರಿ ಬಂದೈತೋ! ನಿನ್ನ ಎತ್ತು ಒಯ್ಯಾಕ! ಪುಣೇಕ ಒಯ್ದು, ಹೊಟ್ಟೀ ಪಕ್ಕಡಿ ಕೊರದು ತೂತು ಮಾಡಿ, ಬಿರಡಿ ಜಡೀತಾರಂತ. ಬೇಕಾದಾಗ ಬಿರಡಿ ಕಿತ್ತು ಕೈ ಹಾಕಿ ನೋಡತಾರಂತ, ನಾವು ಉಪ್ಪಿನಕಾಯಿ ಗಡಿಗಿ ನೋಡಿದಂಗ!"

"ಯಾರು ಹೇಳಿದ್ರಬೇ ಚಿಗವ್ವಾ?"

"ಊರ ಹೇಳತೈತಿ! ಮುಂಬೈ ಸರಕಾರದ ಹುಕುಮು ಆ ಸಾಹೇಬನ ಕಿಸೇದಾಗ ಐತಿ."

ಗದಗಿನ ಪೇಟೆಗೆ ಬಂಡಿ ಹೊಡೆದು ಹೊಟ್ಟೆ ಹೊರೆಯುವವನು ಸಕ್ರಪ್ಪ. ಕೆಂದ್ಯಾ ಹೋದರೆ ಬಂಡಿ ನಿಂತಿತು, ಬಂಡಿಯ ಹಿಂದೆಯೇ ಒಲೆ.

"ಸಾಹೇಬನ್ನ ಹೋಗಿ ಒಂದು ಮಾತು ಕೇಳಬಾರದ? ಕೇಳಿದ್ರ ಬಾಯಿ ಸವೆಯೂದಿಲ್ಲ" ಎಂದಳು ಹೆಂಡತಿ ಮಾಳವ್ವ.

ಅವನು ರುಮಾಲು ಸುತ್ತಿಕೊಂಡು ಹೊರಟೂ ಬಿಟ್ಟಿದ್ದ. ಆದರೆ ಬಾಗಿಲಲ್ಲಿ ಫಕ್ಕೀರಪ್ಪ ಅಡ್ಡ ಬಂದ. ಫಕ್ಕೀರಪ್ಪನೆಂದರೆ ನಾಳೆಯ ಏಕೀಕರಣದ ಮೆರವಣಿಗೆಗೆ ತಾನೇ ತಾನಾಗಿ ಹಿರಿಯನಾದವನು. ಸಕ್ರಪ್ಪನ ಇನ್ನೊಂದು ಎತ್ತು ಮಾಸ್ಯಾನನ್ನು ಚಪ್ಪರದ ಗಳ ತರಲು ಮುಂಡರಗಿಗೆ ಅಟ್ಟಿದ್ದವನೂ ಅವನೇ. ಬಾಡಿಗೆ ಕೇಳಿದ್ದಕ್ಕೆ "ನಾಡಿನ ಕೆಲಸಲೇ" ಎಂದಿದ್ದ.

"ಕೇಳಾಕ ಹೊಂಟಿಯೇನಲೇ ಹುಚ್ಚಾ? ಹುಕುಮು ಮುಂಬೈದು. ನಾಳೆ ಹೊತ್ತು ಹುಟ್ಟಿದ್ರ ನಾವು ಮುಂಬೈದವರಲ್ಲ. ಇದೊಂದು ದಿನ ಎತ್ತು ಮುಚ್ಚಿಡು, ನಾಳೆ ಆ ಹುಕುಮು ಒಲಿ ಹೊತ್ತಸಾಕ ಬರತೈತಿ. ಮೊದಲಿನ ಕಾಲ ಆಗಿದ್ರ ಶಿರಹಟ್ಟಿ ಸೀಮಿಗೆ ಹೊಡಕೊಂಡು ಹೋಗು ಅಂತಿದ್ದೆ. ಸಾಂಗಲಿ ರಾಜನ ಸೀಮಿ, ನಮ್ಮ ಪೋಲೀಸ ಹದ್ದಿನ ಕಲ್ಲಿನ ಮಟಾ ಬಂದು ಬೈದು ಹೋಗತಿದ್ದ. ಸ್ವಾತಂತ್ರ್ಯ ಬಂತು, ಬಡವಗ ಅಡಗಾಕ ಜಾಗಾನ ಇಲ್ಲದಂಗಾತು."

ಊರವರು ಬಡವನ ಮನೆಗೆ ಬುದ್ಧಿ ತರುವಾಗ ಎಷ್ಟು ಧಾರಾಳಿಗಳು! ಅಮೃತವ್ವ ತನ್ನ ಪಡಸಾಲೆಯನ್ನೇ ಬಿಟ್ಟುಕೊಟ್ಟಳು. ಸಕ್ರಪ್ಪ ಕೆಂದ್ಯಾನನ್ನು ಒಳಗೆ ನೂಕಿ ಬಾಗಿಲು ಹಾಕಿದ. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಕೆಂದ್ಯಾ, ಮಗಳ ಬಾಣಂತನಕ್ಕೆಂದು ಅವಳು ಹೊಲಿಯುತ್ತಿದ್ದ ಹೊಸ ಕೌದಿಯ ಮೂಲೆ ಬಾಯಿಗೆ ಹಾಕಿತ್ತು.

"ನಿನ್ನ ಎತ್ತಿನ ಬಾಯಿಗೆ ಬೆಂಕಿ ಬೀಳಲಿ! ಹೊಡಕೊಂಡು ಹೋಗು!" ಎಂದು ಅವಳು ಪೊರಕೆ ಎತ್ತಿದಳು.

ಎತ್ತುಗಳಿಗೆ ನಾಲು ಬಡಿಯುವ ಇಸ್ಮಾಯಿಲಸಾಬ ಕರೆದು ತನ್ನ ಚಪ್ಪರಕ್ಕೆ ಹೊಗಿಸಿದ. "ಬಣ್ಣಾ ಬದಲ ಮಾಡೂಣ ತಮ್ಮಾ. ಕೆಂದ ಎತ್ತು ಹುಡುಕಾವರಿಗೆ ಬಿಳೆ ಎತ್ತು ಸಿಕ್ರ ಏನ ಮಾಡ್ಯಾರು?" ಎಂದು ದೀಪಾವಳಿಗೆ ಕಲಸಿಟ್ಟ ಸುಣ್ಣವನ್ನು ಮೈತುಂಬ ಬಳಿದ. ಕೆಂದ್ಯಾ ಸುಣ್ಣ ಹಚ್ಚಿದ ಹಾಳುಗೋಡೆಯಂತೆ ಕಂಡಿತು. ತನ್ನ ಮೈಯನ್ನು ತಾನೇ ನೆಕ್ಕಿತು. ರುಚಿ ಹತ್ತಿ ಸುಣ್ಣದ ಬುಟ್ಟಿಗೂ ಮೂತಿ ಇಟ್ಟಿತು. ಬೀದಿಯ ಮಕ್ಕಳೆಲ್ಲ ಕೇಕೆ ಹಾಕಿ ಕೂಡಿದರು. ಬಂಗಲೆಗೆ ಕೇಳಿಸೀತೆಂದು ಹೆದರಿ ಸಕ್ರಪ್ಪ ಅದನ್ನು ಫಕ್ಕೀರಪ್ಪನ ಹಿತ್ತಲ ಖೋಲಿಗೆ ಸಾಗಿಸಿದ.

ಆ ಖೋಲಿಯಲ್ಲಿ ಮೆರವಣಿಗೆಯ ನಕಾಶೆ ಒಣಗುತ್ತಿತ್ತು. ಹರಕು ಧೋತರಕ್ಕೆ ಬಣ್ಣದ ಕಾಗದದ ತುಂಡುಗಳನ್ನು ಜೋಳದ ಹಿಟ್ಟಿನ ಅಂಟಿನಿಂದ ಹಚ್ಚಿ ಮಾಡಿದ ಹೊಸ ರಾಜ್ಯ. ಪಕ್ಕದಲ್ಲಿ ಉಳಿದ ಅಂಟಿನ ಬೋಗುಣಿ. ಫಕ್ಕೀರಪ್ಪ ಬಾಗಿಲು ತೆಗೆಯುವಷ್ಟರಲ್ಲಿ ಕೆಂದ್ಯಾ ಬೀದರದಿಂದ ಹಿಡಿದು ಚಾಮರಾಜನಗರದವರೆಗೆ ಮುಗಿಸಿತ್ತು. ಐದು ಸೀಮೆಗಳ ಕನ್ನಡಿಗರು ಒಂದು ದಿನ ಮೊದಲೇ, ಒಂದೇ ಹೊಟ್ಟೆಯಲ್ಲಿ ಒಂದಾಗಿದ್ದರು. ಹೊರಗುಳಿದದ್ದು ಕಾಸರಗೋಡೊಂದೇ.

"ಎಲ್ಲೆಲೇ ನನ್ನ ನಾಡು?" ಎಂದು ಚೀರಿದ ಫಕ್ಕೀರಪ್ಪ.

ಉತ್ತರವಾಗಿ ಕೆಂದ್ಯಾ ನರಳಿ ಮೊಣಕಾಲೂರಿತು. ಎಡಪಕ್ಕಡಿ ನಗಾರಿಯಂತೆ ಬಿಗಿದಿತ್ತು. ಕಿವಿ ತಣ್ಣಗೆ. ದವಡೆ ಅಲ್ಲಾಡಲಿಲ್ಲ. ಕೌದಿಗೂ ಸೋಲದ ಎತ್ತು ಮೆಲುಕು ಬಿಟ್ಟಿತ್ತು.

ಮೆಲುಕು ಬಿಟ್ಟ ದನಕ್ಕೆ ಇನ್ನೊಂದು ದನದ ಬಾಯೊಳಗಿನ ಮೆಲುಕಿನ ಉಂಡೆ ತೆಗೆದು ತಿನ್ನಿಸುವುದು ನಮ್ಮ ಕಡೆ ಎಲ್ಲರೂ ಬಲ್ಲ ಮದ್ದು. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಮಾಸ್ಯಾ ಮುಂಡರಗಿಯಲ್ಲಿ ಗಳ ಹೊರುತ್ತಿತ್ತು. ಸಕ್ರಪ್ಪ ಫಕ್ಕೀರಪ್ಪನ ಕೈ ಹಿಡಿದ.

"ಯಣ್ಣಾ, ನಿಮ್ಮ ಎತ್ತಿಂದು ಒಂದು ತುತ್ತು ಮೆಲುಕು ಕೊಡ್ರಿ."

"ದೀಪಾವಳಿ ಹಟ್ಟಿ ಹಬ್ಬ ಎದುರಿಗೈತಿ. ಕೊಟ್ಟಿಗ್ಯಾನ ಲಕ್ಷ್ಮೀನ್ನ ಹೊರಗ ಹಾಕಂತಿ?"

ಅಮೃತವ್ವನ ಎಮ್ಮೆ ಗಬ್ಬವಿತ್ತು. ಗಬ್ಬದ ಬಾಯಿಂದ ತೆಗೆಯಬಾರದಂತೆ. ಬೀದಿಯುದ್ದಕ್ಕೂ ದನಗಳು ಮೆಲುಕಾಡಿಸುತ್ತಲೇ ಇದ್ದವು, ಬಾಗಿಲುಗಳು ಮುಚ್ಚುತ್ತಲೇ ಇದ್ದವು. ಬೆಳಗಿನಿಂದ ಬುದ್ಧಿಯನ್ನು ಬುಟ್ಟಿಗಟ್ಟಲೆ ಸುರಿದ ಓಣಿ ಅದು. ಎತ್ತು ಉಗುಳುವ ಎಂಜಲು ಕೊಡಲು ಅದಕ್ಕೆ ಕೈ ಬರಲಿಲ್ಲ.

ಕೊನೆಗೆ ಸಕ್ರಪ್ಪ ಯಾರಿಂದ ಅಡಗಿಸಿದ್ದನೋ ಅವನ ಕಾಲಿಗೇ ಓಡಿಹೋಗಿ ಬಿದ್ದ. ಲಿಮಯೆ ಕೂಡಲೇ ಎದ್ದ. ಭರಣಿಗಳನ್ನು ಹೊರಿಸಿಕೊಂಡು ಬಂದ. ಬಿಳಿ ಎತ್ತನ್ನು ನೋಡಿ ಒಂದು ಗಳಿಗೆ ನಿಂತ.

"ಇದು ಕೆಂದ್ಯಾ ಏನು?"

"ಹೌದ್ರಿ. ಹಬ್ಬಕ್ಕ ಸುಣ್ಣಾ ಬಳದೀವ್ರಿ. ಬುಟ್ಟಿ ಸುಣ್ಣಾನೂ ತಿಂದೈತ್ರಿ, ಮ್ಯಾಲ ಅಂಟು, ನಕಾಶೆ."

ಲಿಮಯೆ ಬಿದಿರಿನ ಗೊಟ್ಟ ತರಿಸಿ, ಎರಡು ಭರಣಿಯ ರಸವನ್ನು ಕೆಂದ್ಯಾನ ಗಂಟಲಿಗೆ ಇಳಿಸಿದ. "ಇವೆಲ್ಲಾ ಇದರ ಹೊಟ್ಟೀ ಜೀವಾನ. ಸುಣ್ಣಕ್ಕ ಒಳಗಿನವು ಸತ್ತಾವು, ಹೊರಗಿನವು ತವರಿಗೆ ಹೊಂಟಾವು. ನೋಡು ಸಕ್ರಪ್ಪ, ಎತ್ತು ಅವಕ್ಕ ಮನಿ ಕೊಡತೈತಿ, ಅವು ಎತ್ತಿಗೆ ಕೂಳು ಕೊಡತಾವ. ಯಾರು ಧಣಿ, ಯಾರು ಆಳು, ಗೊತ್ತಾಗೂದಿಲ್ಲ."

"ನಮ್ಮೂರಾಗ ಗೊತ್ತಾಗತೈತ್ರಿ" ಎಂದ ಸಕ್ರಪ್ಪ.

ಲಿಮಯೆ ನಕ್ಕು, ಎತ್ತಿನ ಪಕ್ಕಡಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದ. ಸಪ್ಪಳ ಬರಲು ಹೊತ್ತು ಹಿಡಿಯಿತು. ಸಕ್ರಪ್ಪನಿಗೆ ಜೀವ ನಿಲ್ಲಲಿಲ್ಲ. "ಎರಡಕ್ಕ ಏನಾಗತೈತಿ? ಇನ್ನೊಂದು ಹಾಕಲೇ!" ಎಂದಿತು ಕೂಡಿದ ಮಂದಿ. ಇಸ್ಮಾಯಿಲಸಾಬ ದವಡೆ ಹಿಡಿದ, ಸಕ್ರಪ್ಪ ಸುರಿದ. "ಮತ್ತೊಂದು!" ಎಂದ ಫಕ್ಕೀರಪ್ಪ. ಲಿಮಯೆ ಕಣ್ಣು ತೆರೆದಾಗ ಭರಣಿಗಳೆಲ್ಲ ಬರಿದಾಗಿದ್ದವು.

ಅಷ್ಟರಲ್ಲಿ ಕೆಂದ್ಯಾ ಊರೇ ಬೆಚ್ಚುವಂತೆ ಒಂದು ತೇಗು ತೇಗಿತು. ಕುತ್ತಿಗೆಯಲ್ಲಿ ಉಂಡೆಯೊಂದು ಮೇಲೇರಿತು. ದವಡೆ ಅಲ್ಲಾಡಿತು. ಸಕ್ರಪ್ಪ ಎತ್ತಿನ ಕೊರಳು ತಬ್ಬಿ ಅತ್ತ. ಅವನ ಮೋರೆಯೂ ಸುಣ್ಣವಾಯಿತು.

ಲಿಮಯೆ ಮಾತ್ರ ಬರಿದಾದ ಭರಣಿಗಳನ್ನೇ ನೋಡುತ್ತ ಕಟ್ಟೆಯ ಮೇಲೆ ಕೂತ.

"ಏನ ಮಾಡಿದೆಪಾ ನೀನು? ಲಾರಿ ತರಸಿದ್ದು ಈ ಭರಣೀಗೆ. ನಿನ್ನ ಎತ್ತು ಬ್ಯಾಡ ಅಂತ ನಿನ್ನೀನ ತೀರ್ಮಾನ ಮಾಡಿದ್ದೆ. ಬಂಡಿ ಹೊಡಿಯಾವನ ಎತ್ತು ಕಸಗೊಂಡ್ರ ಅವನು ಏನು ತಿಂದಾನು ಅಂತ."

ಮಾಳವ್ವ ಗಂಡನ ಮೋರೆ ನೋಡಿದಳು. ಗಂಡ ನೆಲ ನೋಡಿದ.

"ಹಂಗಾರ ಈಗ ಮತ್ತ ನಳಿಗಿ ಹಾಕಿ ತಗೋರಿ ಸಾಹೇಬ್ರ" ಎಂದ ಸಕ್ರಪ್ಪ.

"ಈಗ ತಗದ್ರ ಸುಣ್ಣಾ, ಅಂಟು, ನಕಾಶೆ ಬರತಾವ. ಹೊಟ್ಟಿ ತಿಳಿ ಆಗಾಕ ದಿನಾ ಬೇಕು. ನಾಳೆಯಿಂದ ಇಲ್ಲಿ ನನಗ ಅಧಿಕಾರ ಇಲ್ಲ, ಇದು ಬ್ಯಾರೆ ರಾಜ್ಯ. ನನ್ನ ಮಳಿಗಾಲದ ಕೆಲಸ ಎಲ್ಲಾ ಈ ಹೊಟ್ಟ್ಯಾಗ ಐತಿ." ಅವನು ಕಿಸೆಯಿಂದ ಮೊಹರು ಬಿದ್ದ ಹುಕುಮು ತೆಗೆದ. ಅದನ್ನು ಬಿಚ್ಚುವಾಗ ಅವನ ಕೈಗೂ ಮನಸ್ಸಿರಲಿಲ್ಲ. "ಇದು ಇವತ್ತಿನ ಮಟಾ ನಡೀತೈತಿ."

ಸಕ್ರಪ್ಪ ತಿರುಗಿ ಊರವರನ್ನು ನೋಡಿದ. ಅಮೃತವ್ವನಿಗೆ ಕೌದಿ ನೆನಪಾಯಿತು. ಇಸ್ಮಾಯಿಲಸಾಬನಿಗೆ ಸುಣ್ಣ ನೆನಪಾಯಿತು. ಫಕ್ಕೀರಪ್ಪನೇ ಮುಂದೆ ಬಂದು ಲಾರಿಯ ಹಿಂಬಾಗಿಲು ಇಳಿಸಿದ. "ಒಯ್ರಿ ಸಾಹೇಬ್ರ, ನಾಡು ತಿಂದ ಎತ್ತು." ಹೊತ್ತು ಮುಳುಗುವ ಮೊದಲೇ ಕೆಂದ್ಯಾ ಮೆಲುಕಾಡಿಸುತ್ತ ಗದಗಿನ ದಾರಿ ಹಿಡಿಯಿತು.

ಮರುದಿನ ಮುಂಜಾನೆ ಫಕ್ಕೀರಪ್ಪ ಮತ್ತೆ ಬಾಗಿಲಿಗೆ ಬಂದ.

"ತಾಯಿ ಭುವನೇಶ್ವರಿ ಫೋಟೋ ಮೆರಸಾಕ ನಿನ್ನ ಬಂಡಿ ಬೇಕಲೇ."

"ಎತ್ತು ಒಂದೈತ್ರಿ. ನಿಮ್ಮದೊಂದು ಹೂಡ್ರಿ."

"ನಮ್ಮವಕ್ಕ ಹಬ್ಬಕ್ಕಂತ ಮೈ ತೊಳದೀವಿ. ನೀನ ಒಂದೀಟು ಹೆಗಲು ಕೊಡು. ನಾಡಿಗಾಗಿ."

ಹಲಗೆ ಮೊಳಗಿತು, ಜಯಕಾರ ಮುಗಿಲು ಮುಟ್ಟಿತು. ನೊಗದ ಬಲಕ್ಕೆ ಮಾಸ್ಯಾ, ಎಡಕ್ಕೆ ಸಕ್ರಪ್ಪ. ಅಮೃತವ್ವ ಎಲ್ಲರಿಗೂ ಬುಂದೆ ಹಂಚುತ್ತ ಬಂದಳು. ಸಕ್ರಪ್ಪನ ಎರಡೂ ಕೈ ನೊಗದ ಮೇಲಿದ್ದವು. ಅವಳು ಒಂದು ಹಿಡಿ ಬುಂದೆಯನ್ನು ಅವನ ಬಾಯಿಗೇ ತುರುಕಿದಳು.

ಅವನು ಎಳೆಯುತ್ತ, ಅಗಿಯುತ್ತ ನಡೆದ.