ಬಚ್ಚಲುಮನೆಯ ಸ್ಟ್ಯಾಂಡು

ಖಾಲಿಯಾದ ಶಾಂಪೂ ಬಾಟಲಿಯನ್ನು ಎಸೆಯುವ ಧೈರ್ಯ ನನಗಿಲ್ಲ. ತಲೆಕೆಳಗಾಗಿ ನಿಲ್ಲಿಸಿದರೆ ಇನ್ನೊಂದು ಸ್ನಾನಕ್ಕಾದೀತು ಎಂಬ ಆಸೆ. ಇಂಥ ಆಸೆಗಳು ಹೆಚ್ಚುತ್ತ ಹೋಗಿ, ಕೊಡಿಗೇಹಳ್ಳಿಯ ನಮ್ಮ ಮನೆಯ ಬಚ್ಚಲಲ್ಲಿ ಬಾಟಲಿಗಳು, ಸೀಗೆಪುಡಿ ಡಬ್ಬ, ಹರಳೆಣ್ಣೆ, ಫಿನಾಯಿಲು ಎಲ್ಲ ನೆಲದ ಮೇಲೇ ಸಂಸಾರ ಹೂಡಿದ್ದವು. ಅವು ಬಿಟ್ಟುಕೊಟ್ಟ ಜಾಗದಲ್ಲಿ ನಾವು ಸ್ನಾನ ಮಾಡುತ್ತಿದ್ದೆವು.

ಮಂಡಿ ಆಪರೇಷನ್ ಆದ ಅತ್ತೆ ಎರಡು ತಿಂಗಳು ಇರಲು ಬರುತ್ತಾರೆಂದಾಗ ಹೆಂಡತಿ ಸುಮಾ, "ಅಮ್ಮ ಜಾರಿ ಬಿದ್ರೆ ಏನ್ರೀ ಗತಿ? ಮೊದ್ಲು ನೆಲ ಖಾಲಿ ಮಾಡಿ" ಎಂದಳು. ನಾನು ಉತ್ಸಾಹದಿಂದ ಗೋಡೆಗೆ ಅಂಟಿಸುವ ಪ್ಲಾಸ್ಟಿಕ್ ಸ್ಟ್ಯಾಂಡ್ ತಂದೆ. ಮೊಳೆ ಬೇಡ, ಡ್ರಿಲ್ ಬೇಡ, ಒತ್ತಿದರೆ ಸಾಕು. ನನ್ನ ಕಣ್ಣಿನ ಮಟ್ಟಕ್ಕೆ ಅಂಟಿಸಿ, ಸಾಮಾನುಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿ, ಸ್ಕೂಲಿನ ಗ್ರೂಪ್ ಫೋಟೋ ನೋಡುವಂತೆ ದೂರ ನಿಂತು ನೋಡಿದೆ. ಲೋಕದಲ್ಲಿ ಎಲ್ಲರೂ ನನ್ನಷ್ಟೇ ಎತ್ತರ ಎಂದುಕೊಂಡಿದ್ದೆನೋ ಏನೋ.

ಅತ್ತೆ ಬಂದ ಮರುದಿನವೇ ಬಚ್ಚಲೊಳಗಿಂದ ದಡಾರ್ ಎಂಬ ಸದ್ದು. ಬಾಗಿಲ ಬಳಿ ಓಡಿ, "ಅತ್ತೆ! ಅತ್ತೆ!" ಎಂದೆ.

"ಬಿದ್ದದ್ದು ನಾನಲ್ಲ ಅಳಿಯಂದ್ರೇ, ನಿಮ್ಮ ಸ್ಟ್ಯಾಂಡು."

ಸೀಗೆಪುಡಿ ತೆಗೆಯಲು, ಸ್ನಾನಕ್ಕೆ ಕೂತಿದ್ದ ಸ್ಟೂಲಿನಿಂದ ಎದ್ದವರು ಆಧಾರಕ್ಕೆಂದು ಅದನ್ನೇ ಹಿಡಿದಿದ್ದರು. ಅದು ಕಿತ್ತು ಬಂದಾಗ, ಪುಣ್ಯಕ್ಕೆ, ಮತ್ತೆ ಸ್ಟೂಲಿನ ಮೇಲೇ ಕುಸಿದಿದ್ದರು. ಅಡುಗೆಮನೆಯಿಂದ ಓಡಿಬಂದ ಸುಮಾಗೆ, "ಅವ್ರನ್ನ ಬಯ್ಬೇಡ ಕಣೇ, ನಾನೇ ಜೋತುಬಿದ್ದೆ" ಎಂದರು. ಸುಮಾ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ನನ್ನ ಕಣ್ಣು ಒದ್ದೆಯಾಯಿತು.

ಅಂದೇ ಪಕ್ಕದ ಮನೆಯ ಮುನಿರಾಜಣ್ಣನವರನ್ನು ಕರೆದೆ. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಅವರು ಬಂದವರೇ ಡ್ರಿಲ್ ಕೆಳಗಿಟ್ಟು ಅತ್ತೆಯನ್ನು ಕರೆದರು. "ಅಮ್ಮಾ, ಸ್ಟೂಲ್ ಮ್ಯಾಲೆ ಇಂಗೆ ಕೂತ್ಕಳಿ. ಕೈ ಎಲ್ಲಿಗ್ ಬತ್ತದೆ, ತೋರ್ಸಿ." ಬೆರಳು ಮುಟ್ಟಿದಲ್ಲಿ ಪೆನ್ಸಿಲ್ ಗುರುತು. ಅಲ್ಲೊಂದು ಸ್ಟೀಲ್ ಶೆಲ್ಫು, ಪಕ್ಕದಲ್ಲಿ ಹಿಡಿದು ಏಳಲು ಒಂದು ಕಂಬಿ. ಇಷ್ಟು ಸಣ್ಣ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಕೂಲಿಯೆಂದು ಒಂದು ಲೋಟ ಕಾಫಿ ಬಿಟ್ಟು ಬೇರೇನನ್ನೂ ಮುನಿರಾಜಣ್ಣ ಮುಟ್ಟಲಿಲ್ಲ.

ಎರಡು ತಿಂಗಳಲ್ಲಿ ಅತ್ತೆ ಒಮ್ಮೆಯೂ ಜಾರಲಿಲ್ಲ. ಅವರನ್ನು ಕರೆದೊಯ್ಯಲು ಬಂದ ನಾದಿನಿ ಬಚ್ಚಲನ್ನು ನೋಡಿ ಮೆಚ್ಚಿ, "ಯಾರು ಮಾಡಿದ್ದು ಭಾವ ಇದೆಲ್ಲ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ನಮ್ಮ ಅಳಿಯಂದ್ರೇ ನಿಂತು ಮಾಡಿಸಿದ್ರು" ಎಂದರು.

ಮಾತು ಸುಳ್ಳಲ್ಲ. ಮುನಿರಾಜಣ್ಣ ಗೋಡೆ ಕೊರೆಯುವಷ್ಟು ಹೊತ್ತೂ ನಾನು ಬಾಗಿಲಲ್ಲಿ ನಿಂತೇ ಇದ್ದೆ.