ಹಾಸಿಗೆ ಹಿಡಿದವರ ಮನೆಗೆ ಧಾರವಾಡದ ಸಾಹೇಬರು

ತಪಾಸಣೆಗೆ ಸಾಹೇಬರು ಬರುತ್ತಾರೆ ಎಂದು ಗೊತ್ತಾದರೆ ಸಾಕು, ಅಲ್ಲಿಯವರೆಗೆ ನೆಟ್ಟಗೆ ನಡೆಯುತ್ತಿದ್ದ ಕೆಲಸವೆಲ್ಲ ಸೊಟ್ಟಗಾಗುತ್ತದೆ. ಯಾಕೆ ಹೀಗೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ನನ್ನ ನರ್ಸ್ ಕೆಲಸದಲ್ಲಿ ಒಂದು ಸಲವೂ ಇದು ತಪ್ಪಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಸವಣೂರಿನಲ್ಲಿ ಊರ ಹಿರಿಯರು ಸೇರಿ ಒಂದು ಮನೆ ಶುಶ್ರೂಷಾ ಕೇಂದ್ರ ಸುರು ಮಾಡಿದ್ದರು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಮೈ ಒರೆಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಹೊತ್ತಿಗೆ ಸರಿಯಾಗಿ ಔಷಧ ಕುಡಿಸುವುದು ನಮ್ಮ ಕೆಲಸ. ಮೇಲುಸ್ತುವಾರಿಗೆ ನಾನು, ನನ್ನ ಕೈಕೆಳಗೆ ಮೂರು ಜನ ಆಯಾಗಳು. ಶಿಗ್ಗಾವಿ, ಹಾನಗಲ್, ಹಿರೇಕೆರೂರು ಎಂದು ಬಸ್ಸು ಹೋದ ಕಡೆಗೆಲ್ಲ ನಾವೂ ಹೋಗುತ್ತಿದ್ದೆವು.

ಸರ್ಕಾರ ನಮಗೆ ಕೊಟ್ಟದ್ದು ಹಂಗಾಮಿ ಪರವಾನಗಿ. ಧಾರವಾಡದಿಂದ ಒಬ್ಬ ಸಾಹೇಬರು ವರ್ಷಕ್ಕೊಮ್ಮೆ ಬಂದು, ರೋಗಿಗಳ ಸುರಕ್ಷತೆ ಹೇಗಿದೆ, ಆಡಳಿತ ಹೇಗಿದೆ ಎಂದು ನೋಡಿ ಹ್ಞೂಂ ಅಂದರೆ ಕೇಂದ್ರ ಉಳಿಯುತ್ತಿತ್ತು. ಊಹ್ಞೂಂ ಅಂದರೆ ಬಾಗಿಲಿಗೆ ಬೀಗ. ನನಗಾದರೆ ಇನ್ನೊಂದು ದವಾಖಾನೆ ಸಿಗುತ್ತಿತ್ತು. ಆದರೆ ನಮ್ಮ ದೊಡ್ಡ ಆಯಾ ಗಂಡ ಸತ್ತವಳು, ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದಳು. ಕೇಂದ್ರ ಮುಚ್ಚಿದರೆ ಅವಳೂ ಮಕ್ಕಳೂ ವೀಳ್ಯದೆಲೆ ತೋಟದ ಕೂಲಿಗೆ ಹೋಗಬೇಕಿತ್ತು.

೧. ಕುಂಕುಮ ಹಚ್ಚಿದ ಸಿರಿಂಜು

ಸಾಹೇಬರು ಮೊದಲ ಸಲ ಬಂದದ್ದು ಮಹಾನವಮಿಯ ಹಿಂದಿನ ದಿನ. ಕಚೇರಿಗಳಲ್ಲಿ ಅವತ್ತೇ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಮುಗಿಸುವ ರೂಢಿ. ದೊಡ್ಡ ಆಯಾ ನಮ್ಮಲ್ಲೂ ಮುಗಿಸಿಬಿಟ್ಟಿದ್ದಳು. ಗಾಜಿನ ಸಿರಿಂಜು, ಕತ್ತರಿ, ಚಿಮಟ, ಸ್ಪಿರಿಟ್ ಸ್ಟೋ, ಬೆಂಕಿ ಹತ್ತಿದರೆ ಆರಿಸಲಿಕ್ಕೆ ಇಟ್ಟ ಮರಳಿನ ಬಕೆಟ್ಟು, ಎಲ್ಲಕ್ಕೂ ಕುಂಕುಮ, ಚೆಂಡುಹೂವು.

"ಸಿರಿಂಜ್ ಹೆಂಗ ಕುದಸ್ತೀರಿ, ಮಾಡಿ ತೋರಸ್ರಿ," ಅಂದರು ಸಾಹೇಬರು.

ದೊಡ್ಡ ಆಯಾ ಕೈ ಕಟ್ಟಿ ನಿಂತು, "ಇವತ್ತ ಆಗೂದಿಲ್ರಿ ಸಾಹೇಬ್ರ. ಪೂಜಾ ಆಗೈತಿ. ದಶಮಿಗೆ ಬನ್ನಿ ಕೊಡೂತನಾ ಹತ್ಯಾರ ಮುಟ್ಟಂಗಿಲ್ಲ," ಅಂದಳು.

ಸಾಹೇಬರ ಹುಬ್ಬು ಮೇಲೇರಿತು. "ಅಲ್ಲಿತನಾ ಯಾರಿಗರೆ ಇಂಜೆಕ್ಷನ್ ಬೇಕಾದ್ರ?"

"ಅದಕ್ಕಂತ ಒಂದ್ ಸೆಟ್ ಪೂಜಾ ಮಾಡದ ಕಪಾಟಿನಾಗ ಇಟ್ಟೇನ್ರಿ. ಅದು ಇರೋದು ದೇವರಿಗೆ ಗೊತ್ತಿಲ್ಲ."

"ಇದು ಜನರ ಜೀವದ ಪ್ರಶ್ನೆ. ಇಲ್ಲಿ ಇಂಥಾ ಮೂಢನಂಬಿಕಿ ನಡಿಯೂದಿಲ್ಲ," ಎಂದು ಸಾಹೇಬರು ಭಾಷಣಕ್ಕೇ ನಿಂತರು. ವಿಜ್ಞಾನ ಅಂದರೇನು, ಸರ್ಕಾರ ಅಂದರೇನು ಎಂದು ವಿವರಿಸುತ್ತಿದ್ದಾಗ ಅವರ ಡ್ರೈವರ್ ಬಾಗಿಲಲ್ಲಿ ಬಂದು ನಿಂತ. ಅವನ ಹಿಂದೆ ಬಾಳೆಕಂಬ ಕಟ್ಟಿ, ಮಾಲೆ ಹಾಕಿದ ಸರ್ಕಾರಿ ಜೀಪು ಕಾಣುತ್ತಿತ್ತು.

"ಸಾಹೇಬ್ರ, ನೀವು ಹೇಳಿದ ಬೂದಗುಂಬಳ ಈ ಊರಾಗ ಎಲ್ಲೂ ಸಿಗವಲ್ದು. ಲಿಂಬಿಹಣ್ಣಿನ ಮ್ಯಾಲೆ ಗಾಲಿ ಹಾಯಿಸಿದ್ರ ನಡಿತೈತೋ, ಕುಂಬಳಕಾಯಿನ ಒಡೀಬೇಕೋ?"

ಸಾಹೇಬರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು. ಆಮೇಲೆ ಮೆಲ್ಲಗೆ, "ಆ ಕಪಾಟಿನಾಗಿನ ಸೆಟ್ ತೋರಸ್ರಿ," ಅಂದರು.

೨. ಧಾರವಾಡದ ಸ್ನಾನ

ಮರುವರ್ಷ ಸಾಹೇಬರಿಗೆ ಕೈ ತೊಳೆಯುವ ವಿಷಯ ಹತ್ತಿತು. "ನಿಮ್ಮ ಆಯಾ ಕೈ ತೊಳಕೊಂಡು ಮುಟ್ತಾಳೋ ಇಲ್ಲೋ, ರೋಗಿನ್ನ ಕೇಳಬೇಕು," ಎಂದು ಹಟ ಹಿಡಿದರು. ಹತ್ತಿರದ ರೋಗಿ ಎಂದರೆ ಮಠದ ಓಣಿಯ ಅಜ್ಜಿ. ಕಾಲು ಮುರಿದುಕೊಂಡು ಮಲಗಿದ್ದರೂ ಇಡೀ ಮನೆಯ ಮಡಿ ಅವರ ನಾಲಿಗೆಯ ಮೇಲೆಯೇ ನಡೆಯುತ್ತಿತ್ತು. ನಾನೂ ಅದೇ ಓಣಿಯಲ್ಲಿ ಬೆಳೆದವಳು. ಮುಂದೇನಾಗುತ್ತದೆ ಎಂಬ ಅಂದಾಜಿತ್ತು, ಸಾಹೇಬರಿಗೆ ಹೇಳುವ ಧೈರ್ಯ ಇರಲಿಲ್ಲ.

ಸಾಹೇಬರು ಹೊಸ್ತಿಲ ಮೇಲೆ ಕಾಲಿಡುವ ಮೊದಲೇ ಒಳಗಿನಿಂದ, "ಅಲ್ಲೇ ನಿಂದರ್ರಿ," ಎಂದು ಧ್ವನಿ ಬಂತು.

"ತಪಾಸಣಿಗೆ ಬಂದೇವ್ರಿ, ಅಜ್ಜಿ."

"ಬ್ಯಾಡನ್ನಂಗಿಲ್ಲ. ಸ್ನಾನ ಆಗೇದೇನು?"

"ಆಗೇದ್ರಿ. ಮುಂಜಾನೆ, ಧಾರವಾಡದಾಗ."

"ಧಾರವಾಡದಾಗ ಮಾಡಿದ್ದು ಧಾರವಾಡಕ್ಕ ಆತು. ಹಿತ್ತಲದಾಗ ಬಾವಿ ಅದ, ಎರಡು ಕೊಡ ಹಾಕ್ಕೊಂಡು ಒದ್ದಿ ಅರಿವೀಲೆ ಬರ್ರಿ. ನಿಮ್ಮ ಆಯಾನೂ ದಿನಾ ಹಂಗ ಬರ್ತಾಳ."

ಮಾಗಿಯ ಚಳಿ. ಸಾಹೇಬರು ಬಾವಿಯ ಕಡೆಗೊಮ್ಮೆ ನೋಡಿ ಕಟ್ಟೆಯ ಮೇಲೆ ಕುಳಿತರು. ಅಲ್ಲಿಂದಲೇ ಪ್ರಶ್ನೆ ಕೇಳಿ ತಪಾಸಣೆ ಮುಗಿಸಿದರು. ಅವರು ಎದ್ದದ್ದೇ ತಡ, ಸೊಸೆ ಬಂದು ಅವರು ಕುಳಿತ ಜಾಗಕ್ಕೆ ಸೆಗಣಿ ನೀರು ಚಿಮುಕಿಸಿ ಸಾರಿಸಿದಳು. ಪರವಾನಗಿ ಹೋಯಿತು ಎಂದೇ ನನ್ನ ಲೆಕ್ಕ.

ಓಣಿ ದಾಟಿದ ಮೇಲೆ ಸಾಹೇಬರು ಅಂದರು: "ಸ್ವಚ್ಛತಾ ಬಗ್ಗೆ ತಕರಾರಿಲ್ಲ ಸಿಸ್ಟರ್. ಆ ಮನ್ಯಾಗ ಹೊಲಸು ಅಂತ ಇದ್ದದ್ದು ನಾನೊಬ್ಬನ."

೩. ಆರಾಮ್ರಿ

ತಡಸದಲ್ಲಿ ಒಬ್ಬ ಕಿರಾಣಿ ಸಾವಕಾರರಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಸಾಹೇಬರು ಪಕ್ಕದಲ್ಲಿ ಕುಳಿತು, "ಹೆಂಗದೀರಿ ಸಾವಕಾರ್ರ?" ಅಂದರು.

"ಆರಾಮ್ರಿ."

"ನೋವು ಗೀವು?"

"ಏನಿಲ್ರಿ. ನಿಮ್ಮ ಆಶೀರ್ವಾದ."

"ರಾತ್ರಿ ನಿದ್ದಿ?"

"ಗಡದ್ದ ಆಗತೈತ್ರಿ. ನೀವು ಚಾ ತಗೋರಿ."

ನಮ್ಮ ಕಡೆ ಮನೆಗೆ ಬಂದವರ ಮುಂದೆ ಹೀಗೇ ಹೇಳುವುದು. ಪ್ರಾಣ ಹೋಗುತ್ತಿದ್ದರೂ ಮೊದಲು ಆರಾಮ್ರಿ, ಆಮೇಲೆ ಚಾ. ಆದರೆ ಸಾಹೇಬರು ನನ್ನನ್ನು ಪಡಸಾಲೆಗೆ ಕರೆದು, "ಇಷ್ಟು ಆರಾಮಿದ್ದವರಿಗೆ ದಿನಾ ಆಯಾ ಯಾಕ? ಯಾರನ್ನ ಮೋಸ ಮಾಡಾಕತ್ತೀರಿ?" ಎಂದು ಕೇಳಿದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಅಷ್ಟರಲ್ಲಿ ಸಾವಕಾರರ ಬಾಲ್ಯದ ಗೆಳೆಯರೊಬ್ಬರು ನಮ್ಮನ್ನು ದಾಟಿ ಒಳಗೆ ಹೋದರು. ಮರುಕ್ಷಣವೇ ಒಳಗಿನಿಂದ ಸಾವಕಾರರ ಧ್ವನಿ: "ಏನ್ ಹೇಳಲೋ ದೋಸ್ತಾ, ಸತ್ತಽ ಹೋಗೇನಿ. ಭುಜಾ ಹರಿತೈತಿ, ಸೊಂಟಾ ಕಡೀತೈತಿ, ಎಷ್ಟೋ ದಿನ ಆತು ಕಣ್ಣಿಗೆ ಕಣ್ ಹಚ್ಚಿಲ್ಲ. ಆ ಆಯಾ ಬಂದು ಮಗ್ಗಲಾ ಹೊಳ್ಳಿಸಿದ್ರಽ ಉಂಟು, ಇಲ್ಲಂದ್ರ ಇಷ್ಟೊತ್ತಿಗೆ ಬೆನ್ನು ಹುಣ್ಣಾಗಿ ಹೋಗತಿದ್ದೆ."

ಪಡಸಾಲೆಗೆ ಬಂದ ಚಾ ಮುಗಿಯುವವರೆಗೂ ರೋಗದ ಪಟ್ಟಿ ಮುಗಿಯಲಿಲ್ಲ. ಸಾಹೇಬರು ಕಪ್ಪು ಕೆಳಗಿಟ್ಟರು. ನನಗೆ ಹೋದ ಜೀವ ಬಂದಂತಾಯಿತು. ಹೊರಡುವ ಮುಂದೆ ಅವರು ಒಳಗೆ ಇಣುಕಿ, "ಬರ್ತೇನ್ರಿ ಸಾವಕಾರ್ರ. ಈಗರೆ ಖರೇ ಹೇಳ್ರಿ, ಹೆಂಗದೀರಿ?" ಅಂದರು.

"ಆರಾಮ್ರಿ," ಅಂದರು ಸಾವಕಾರರು.

೪. ಮಂಚದ ಮೇಲೆ ಸಾಹೇಬರು

ಹಂಗಾಮಿ ಪರವಾನಗಿ ಎಳೆದೂ ಎಳೆದೂ ಎಂಬತ್ತರ ದಶಕಕ್ಕೆ ಬಂತು. ಆ ವರ್ಷ ಸಾಹೇಬರು ಜೀಪಿನಿಂದ ಇಳಿಯುತ್ತಲೇ, "ಮ್ಯಾಲಿನವರು ಇನ್ನ ಎಳೀಬ್ಯಾಡ ಅಂದಾರ. ಕಾಯಂ ಮಾಡಬೇಕು, ಇಲ್ಲಾ ಇವತ್ತಿಗೆ ಬಂದ್," ಅಂದುಬಿಟ್ಟರು. ದೊಡ್ಡ ಆಯಾಳ ಮುಖ ಸಣ್ಣದಾಯಿತು.

ಚಿಕ್ಕೇರೂರಿನಲ್ಲಿ ಒಬ್ಬ ಗೌಡರು ಬಣವೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ರೋಗಿಯನ್ನು ನೋಯಿಸದೆ ಹೊರಳಿಸುವುದು ಹೇಗೆಂದು ಅವರ ಮನೆಯಲ್ಲಿ ನೋಡುವುದೆಂದಾಯಿತು. ನಾವು ಹೋದಾಗ ಗೌಡರನ್ನು ಮಕ್ಕಳಿಬ್ಬರೂ ಎತ್ತಿಕೊಂಡು ಬಚ್ಚಲಿಗೆ ಹೋಗಿದ್ದರು. ಸಾಹೇಬರಿಗೆ ಅವಸರ. ಬೂಟು ಕಳಚಿ, "ನಾನ ಮಲಗ್ತೇನಿ. ನಾನ ರೋಗಿ ಅಂತ ತಿಳಕೊಂಡು ಎಲ್ಲಾ ಮಾಡಿ ತೋರಸು," ಎಂದು ಮಂಚ ಏರಿದರು. ಅವರದು ಉಂಡು ಬೆಳೆದ ತುಂಬು ಮೈ. ಮಂಚ ಕಿರ್ರೆಂದಿತು.

ದೊಡ್ಡ ಆಯಾ ಅರ್ಧ ಕೆಲಸ ಮಾಡುವವಳಲ್ಲ. ಹೊರಳಿಸಿ ತೋರಿಸಿದಳು. ಎರಡೂ ಬದಿಗೆ ದಿಂಬು ಕೊಟ್ಟಳು. ಗಾಳಿ ಹತ್ತದಿರಲೆಂದು ತಲೆಗೆ ವಸ್ತ್ರ ಸುತ್ತಿ, ಗದ್ದದವರೆಗೆ ಕಂಬಳಿ ಹೊದಿಸಿದಳು. ಕೊನೆಗೆ ಥರ್ಮಾಮೀಟರನ್ನು ನಾಲಿಗೆಯ ಕೆಳಗಿಟ್ಟು, "ಅಳ್ಳಾಡಬ್ಯಾಡ್ರಿ, ಮಾತಾಡಬ್ಯಾಡ್ರಿ. ಗಾಜು ಒಡದ್ರ ಪಾದರಸ ಹೊಟ್ಟ್ಯಾಗ ಹೋಗತೈತಿ," ಅಂದಳು. ಸಾಹೇಬರು ಹೆದರಿ ತುಟಿ ಬಿಗಿದರು.

ಆಗಲೇ ಹಿರೇಕೆರೂರಿನ ಬಸ್ಸಿಳಿದು ಗೌಡರ ಅಕ್ಕ ಬಂದರು. ಎರಡೂ ಕಣ್ಣಿಗೆ ಪೊರೆ ಬಂದ ಮುದುಕಿ, ಕೋಣೆಯೋ ಮಬ್ಬುಗತ್ತಲೆ. ತಡವರಿಸುತ್ತ ಬಂದು ಮಂಚದ ಮೇಲೆ ಕುಳಿತು, "ನನ್ನ ತಮ್ಮಾ," ಎಂದು ಸಾಹೇಬರ ಗಲ್ಲ ಸವರಿದರು. ಕೈ ಅಲ್ಲಿಂದ ಭುಜಕ್ಕೆ ಬಂತು, ಭುಜದಿಂದ ಹೊಟ್ಟೆಗೆ ಬಂತು. ಅಲ್ಲೇ ನಿಂತಿತು.

"ದೀವಳಿಗಿಗೆ ಬಂದಾಗ ಎಲುಬು ಎಣಸೂಹಂಗ ಇದ್ದಿ. ಈಗ ನೋಡು, ಗಲ್ಲಾ ತುಂಬ್ಯಾವು, ಹೊಟ್ಟಿ ಬಂದೈತಿ."

ನಾನು ಬಾಯಿ ತೆರೆಯಹೋದೆ. ದೊಡ್ಡ ಆಯಾ ಗಡಿಯಾರದಿಂದ ಕಣ್ಣೆತ್ತದೆ, "ಇನ್ನೂ ಟೈಮ್ ಆಗಿಲ್ಲ, ಯಾರೂ ಮಾತಾಡಸಬ್ಯಾಡ್ರಿ," ಅಂದಳು. ಮುದುಕಿ ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. "ನೀನ ಏನವ್ವಾ ನನ್ನ ತಮ್ಮನ್ನ ಉಳಿಸಿದಾಕಿ? ನಿನ್ನ ಮಕ್ಕಳು ಮರಿ ತಣ್ಣಗಿರಲಿ." ಆಮೇಲೆ ಸಾಹೇಬರ ಕಡೆ ಬಾಗಿದರು. "ಈಕಿನ್ನ ಬಿಡಬ್ಯಾಡ. ಯಾವನೋ ಧಾರವಾಡದಾಂವ ಇವರನ್ನ ಬಂದ್ ಮಾಡಸ್ತಾನಂತ, ಬಸ್ಸಿನಾಗ ಮಾತಾಡಾಕತ್ತಿದ್ರು. ಅಂವ ಬಂದ್ರ ಅವನ ಮಾರಿಗೆ ಈ ಹೊಟ್ಟಿ ತೋರಸು."

ಕಂಬಳಿಯ ಕೆಳಗೆ ಆ ಹೊಟ್ಟೆ ಕುಲುಕತೊಡಗಿತು. ದೊಡ್ಡ ಆಯಾ ಲಗುಬಗೆಯಿಂದ ಥರ್ಮಾಮೀಟರ್ ಎಳೆದುಕೊಂಡಳು. ಸಾಹೇಬರು ಕಂಬಳಿ ಸರಿಸಿ ಎದ್ದು ಕುಳಿತು, ಕಣ್ಣೊರೆಸಿಕೊಂಡು ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದರು: "ಕಾಯಂ ಮಾಡ್ತೇನ್ರಿ ಸಿಸ್ಟರ್. ಈ ಹೊಟ್ಟಿ ಇಟಗೊಂಡು ಇನ್ನ ನಾನು ಯಾರ ಮುಂದ ಇಲ್ಲನ್ನಲಿ?"

ನನ್ನ ಎದೆಯ ಮೇಲಿನ ಭಾರ ಅಲ್ಲೇ ಇಳಿಯಿತು. ನಾನು ನಾಚಿಕೆ ಬಿಟ್ಟು ಸೆರಗಿನಲ್ಲಿ ಮುಖ ಮುಚ್ಚಿ ಅತ್ತೆ. ದೊಡ್ಡ ಆಯಾ ಮಡಚಿದ ಕಂಬಳಿಯನ್ನೇ ಮತ್ತೆ ಮತ್ತೆ ಮಡಚುತ್ತಿದ್ದಳು.

ಆ ಹೊತ್ತಿಗೆ ಬಚ್ಚಲಿನಿಂದ ನಿಜವಾದ ಗೌಡರನ್ನು ಮಕ್ಕಳು ಎತ್ತಿಕೊಂಡು ಬಂದರು. ಒಣಗಿದ ಕಡ್ಡಿಯಂಥ ಮೈ, ನಡುಗುವ ಕಾಲು. ಬಾಗಿಲ ಬೆಳಕಿನಲ್ಲಿ ಆ ಆಕಾರ ಕಂಡು ಮುದುಕಿಯ ಕರುಳು ಚುರ್ರೆಂದಿತು.

"ಯಾರ್ರಿ ಇವರು, ಪಾಪ?" ಅಂದರು. "ಇವರನ್ನೂ ಈ ಆಯಾನ ಕೈಯಾಗ ಕೊಡ್ರಿ. ಮುಂದಿನ ದೀವಳಿಗಿ ಅನ್ನೂದ್ರಾಗ ನನ್ನ ತಮ್ಮನಂಗ ಆಗ್ತಾರ."