ಕೋಲಾರದ ಕೆರೆಗೆ ಸಮುದ್ರದ ಉಬ್ಬರ

ಸಮುದ್ರ ಓದಿ ಬಂದವರನ್ನು ಬಯಲುಸೀಮೆಗೆ ಹಾಕುವುದು, ಕಾಡು ಓದಿ ಬಂದವರನ್ನು ಪೇಟೆಗೆ ಹಾಕುವುದು ಸರ್ಕಾರಕ್ಕೆ ಹೊಸದೇನಲ್ಲ. ಇಂಥವು ನಡೆಯುತ್ತಲೇ ಇರುತ್ತವೆ, ನೋಡಿದವರು ನಕ್ಕು ಸುಮ್ಮನಾಗುತ್ತಾರೆ. ನನಗೆ ಮಾತ್ರ ಇವತ್ತಿಗೂ ಸುಮ್ಮನಿರಲು ಆಗುವುದಿಲ್ಲ, ಏಕೆಂದರೆ ಅಂಥದೊಂದರ ನಡುವೆ ನಾನೇ ಸಿಕ್ಕಿಹಾಕಿಕೊಂಡಿದ್ದೆ.

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಅಂಥದೊಂದು ಬಸ್ಸಿನಲ್ಲಿ, ಏರು ಬಂದಾಗಲೆಲ್ಲ ಇಳಿದು ತಳ್ಳುತ್ತ, ನಮ್ಮ ಸಾಹೇಬರು ಕೋಲಾರಕ್ಕೆ ಬಂದಿಳಿದರು. ಅವರು ವಿಲಾಯಿತಿಯಲ್ಲಿ ಓದಿದ್ದು ಅಳಿವೆಗಳನ್ನು, ಅಂದರೆ ನದಿ ಹೋಗಿ ಸಮುದ್ರ ಸೇರುವ ಜಾಗಗಳನ್ನು. ಅಲ್ಲಿಯ ನೀರು ಆರೋಗ್ಯವಾಗಿದೆಯೇ, ಮೀನು ಮೊಟ್ಟೆ ಇಡುತ್ತದೆಯೇ, ಉಬ್ಬರ ಇಳಿತ ಹೇಗೆ ಎಂದು ನೋಡುವುದು ಅವರ ವಿದ್ಯೆ. ನೀರಿನ ಪರೀಕ್ಷೆಗೆ ಒಂದು ಜಾಗ ಖಾಲಿ ಇದ್ದದ್ದು ಕೋಲಾರದಲ್ಲಿ. ನಮ್ಮ ಜಿಲ್ಲೆಗೂ ಸಮುದ್ರಕ್ಕೂ ಇದ್ದ ಸಂಬಂಧ ಉಪ್ಪು ಒಂದೇ, ಅದನ್ನೂ ಶೆಟ್ಟರ ಅಂಗಡಿಯಿಂದ ತರುತ್ತಿದ್ದೆವು.

ನಾನು ಅವರ ಸಹಾಯಕ. ಸೀಸೆ ಹೊರುವುದು, ಸೀಸೆ ತೊಳೆಯುವುದು, ಸೀಸೆ ಒಡೆದರೆ ಬೈಸಿಕೊಳ್ಳುವುದು ನನ್ನ ಕೆಲಸ. ಜಾಗ ಹಂಗಾಮಿ. ಶ್ರೀನಿವಾಸಪುರದಲ್ಲಿ ಮಾವಿನ ತೋಪು ಇಟ್ಟುಕೊಂಡಿದ್ದ ದೂರದ ಸಂಬಂಧದ ಮಾವ ಒಬ್ಬರು ನನಗೆ ಹೆಣ್ಣು ಕೊಡಲು ಒಪ್ಪಿದ್ದರು, ಆದರೆ ಒಂದು ಷರತ್ತು: "ಕೆಲಸ ಖಾಯಂ ಆಗ್ಲಪ್ಪಾ, ಮಾರನೇ ದಿನವೇ ಲಗ್ನ." ಹುಡುಗಿಯನ್ನು ನೋಡಿದ್ದೆ. ಅವಳು ಒಂದು ಸಲ ನನ್ನ ಕಡೆ ನೋಡಿ ನಕ್ಕಿದ್ದಳು. ಅಂದಿನಿಂದ ನನಗೆ ಊಟ ರುಚಿಸುತ್ತಿರಲಿಲ್ಲ. ಆದ್ದರಿಂದ ಸಾಹೇಬರು ಏನು ಹೇಳಿದರೂ ಮಾಡುತ್ತಿದ್ದೆ.

ಕೊಪ್ಪರಿಗೆಯ ಸವಾರಿ

ದಡದ ನೀರು ಪರೀಕ್ಷೆಗೆ ಬಾರದು, ನಡುಕೆರೆಯ ನೀರೇ ಬೇಕು ಎಂದರು ಸಾಹೇಬರು. ದೋಣಿ ಎಲ್ಲಿಂದ ತರುವುದು? ನಾವು ಮೊದಲು ಹೋದ ಮುಳಬಾಗಿಲ ಕಡೆಯ ಹಳ್ಳಿಯಲ್ಲಿ ದೋಣಿಯ ಹೆಸರು ಕೇಳಿದವರೂ ಕಡಿಮೆ. ಕೊನೆಗೆ ಆ ಊರಿನ ಪಟೇಲರು ತಮ್ಮ ಆಲೆಮನೆಯಿಂದ ಬೆಲ್ಲ ಕಾಯಿಸುವ ದೊಡ್ಡ ಕೊಪ್ಪರಿಗೆಯನ್ನು ಉರುಳಿಸಿಕೊಂಡು ಬಂದು ನೀರಿಗೆ ಬಿಟ್ಟರು.

ಸಾಹೇಬರು ಖಾಕಿ ಚಡ್ಡಿ, ಹ್ಯಾಟು ಸಮೇತ ಅದರಲ್ಲಿ ಕೂತು ಹುಟ್ಟು ಹಾಕಿದರು. ಕೊಪ್ಪರಿಗೆ ಮುಂದಕ್ಕೆ ಹೋಗಲಿಲ್ಲ, ಇದ್ದಲ್ಲೇ ಸುತ್ತಿತು. ಇನ್ನೂ ಜೋರಾಗಿ ಹಾಕಿದರು, ಇನ್ನೂ ಜೋರಾಗಿ ಸುತ್ತಿತು. "ಈ ಕೆರೆಯಲ್ಲಿ ಭಾರಿ ಸುಳಿ ಇದೆ ಕಣಯ್ಯಾ, ಬರಕೋ!" ಎಂದು ಅಲ್ಲಿಂದಲೇ ಕೂಗಿದರು. ಗಾಳಿ ಬೀಸಿ ಕೊಪ್ಪರಿಗೆ ನಡುಕೆರೆಗೆ ಹೋದದ್ದೂ ಆಯಿತು, ಒಳಗೆ ಮೊಣಕಾಲುದ್ದ ನೀರು ತುಂಬಿದ್ದೂ ಆಯಿತು. ಸಾಹೇಬರಿಗೆ ಹೊರಗೆ ಬಗ್ಗಲು ಧೈರ್ಯ ಬರಲಿಲ್ಲ. ಕಾಲ ಬುಡದಲ್ಲೇ ಇದ್ದ ನೀರನ್ನು ಸೀಸೆಗಳಿಗೆ ತುಂಬಿಕೊಂಡರು. ಈಜು ಬಲ್ಲ ಇಬ್ಬರು ಹೋಗಿ ಹಗ್ಗ ಕಟ್ಟಿ ಎಳೆದು ತಂದರು.

ಕೊಪ್ಪರಿಗೆಯ ತಳದಲ್ಲಿ ಹಿಂದಿನ ಸಲದ ಬೆಲ್ಲ ಬೆರಳು ದಪ್ಪ ಅಂಟಿಕೊಂಡಿತ್ತು. ದಡಕ್ಕೆ ಬಂದು ನಿಂತ ಸಾಹೇಬರ ಚಡ್ಡಿಗೆ ಇರುವೆ ಮುತ್ತಿದವು. ಅದನ್ನು ನೋಡಿಯೂ ಅವರಿಗೆ ಸೀಸೆಯ ಬಗ್ಗೆ ಸಂಶಯ ಬರಲಿಲ್ಲ. ಬೆಂಗಳೂರಿನ ಪರೀಕ್ಷಾ ಮನೆಯಿಂದ ಉತ್ತರ ಬಂತು: ಈ ಕೆರೆಯ ನೀರಿನಲ್ಲಿ ಬೆಲ್ಲ ಹೇರಳವಾಗಿದೆ!

ಸಕ್ಕರೆ, ಬೆಲ್ಲಕ್ಕೆಲ್ಲ ಕಂಟ್ರೋಲು ಇದ್ದು, ಅಳತೆಗಿಂತ ಹೆಚ್ಚು ಇಟ್ಟುಕೊಂಡರೆ ಅಪರಾಧವಾಗಿದ್ದ ಕಾಲ. ಸುದ್ದಿ ಅಮಲ್ದಾರರ ಕಿವಿಗೆ ಬಿದ್ದು, ಅವರು ಪೊಲೀಸಿನವರನ್ನು ಕರೆದುಕೊಂಡು ಬಂದು ಪಟೇಲರನ್ನು ಹಿಡಿದರು. "ಕೆರೆಯೊಳಗೆ ಎಷ್ಟು ಮೂಟೆ ಬಚ್ಚಿಟ್ಟಿದ್ದೀರಿ, ಹೇಳಿ."

ಪಟೇಲರು ಕೈ ಮುಗಿದರು. "ನೀರೊಳಗೆ ಬೆಲ್ಲ ಬಚ್ಚಿಡೋ ಅಷ್ಟು ಬುದ್ಧಿ ನಮಗೆಲ್ಲಿಂದ ಬರ್ಬೇಕು ಸ್ವಾಮಿ? ಅದಕ್ಕೆ ವಿಲಾಯ್ತಿಗೆ ಹೋಗಿ ಓದಿರ್ಬೇಕು."

ಬರೀ ತಟ್ಟೆ

ನೀರು ಎಷ್ಟು ತಿಳಿಯಾಗಿದೆ ಎಂದು ನೋಡಲು ಸಾಹೇಬರ ಹತ್ತಿರ ಒಂದು ತಗಡಿನ ತಟ್ಟೆ ಇತ್ತು. ಬಿಳಿ ಬಣ್ಣ ಬಳಿದು, ನಡುವೆ ಹಗ್ಗ ಕಟ್ಟಿದ್ದು. ಅದನ್ನು ನೀರಿಗೆ ಇಳಿಬಿಡುವುದು, ಕಣ್ಣಿಗೆ ಮರೆಯಾಗುವವರೆಗೂ ಬಗ್ಗಿ ನೋಡುವುದು, ಆಮೇಲೆ ಹಗ್ಗ ಅಳೆಯುವುದು. ಕೆರೆಯ ಕಟ್ಟೆ ಮೇಲೆ ಅದನ್ನು ಇಟ್ಟು ನಾವು ಊಟಕ್ಕೆ ಹೋಗುತ್ತಿದ್ದೆವು.

ದಿನ ಕಳೆದಂತೆ ತಟ್ಟೆ ಬೇಗ ಬೇಗ ಮರೆಯಾಗತೊಡಗಿತು. ನೀರು ಕಣ್ಣಿಗೆ ಮೊದಲಿನ ಹಾಗೇ ಇತ್ತು. "ಕೆರೆ ಕೆಡುತ್ತಿದೆ, ಗಂಡಾಂತರ!" ಎಂದು ಸಾಹೇಬರು ಬೆಂಗಳೂರಿಗೆ ತಂತಿ ಕೊಟ್ಟರು. ಒಂದು ಮಧ್ಯಾಹ್ನ ಊಟದಿಂದ ಬೇಗ ಬಂದು ನೋಡಿದರೆ, ಒಬ್ಬಳು ಮುದುಕಿ ತಟ್ಟೆಗೆ ಅರಿಶಿನ ಬಳಿದು ಕುಂಕುಮ ಇಡುತ್ತಿದ್ದಾಳೆ. ಬಿಳಿ ಎಂಬುದು ಎಲ್ಲೂ ಉಳಿದಿಲ್ಲ.

"ಏನಜ್ಜಿ ಇದು, ಸರ್ಕಾರದ ಸಾಮಾನು!" ಎಂದು ಸಾಹೇಬರು ಕೂಗಿದರು.

ಮುದುಕಿ ತಿರುಗಿ ಕೂಡ ನೋಡಲಿಲ್ಲ. "ನಾನೂ ನೋಡ್ತಾನೇ ಇದೀನಪ್ಪಾ. ದಿನಾ ಬಂದು ಗಂಗಮ್ಮನ ಮುಂದೆ ತಟ್ಟೆ ಒಡ್ಡಿ, ಏನಾದ್ರೂ ಹಾಕ್ತಾಳೇನೋ ಅಂತ ಬಗ್ಗಿ ಬಗ್ಗಿ ನೋಡ್ತೀಯ. ಅರಿಶಿನ ಇಲ್ಲ, ಕುಂಕುಮ ಇಲ್ಲ. ಬರೀ ತಟ್ಟೆ ಒಡ್ಡಿದ್ರೆ ಯಾರು ಹಾಕ್ತಾರೆ?"

ಚಂದ್ರನ ಕೈವಾಡ

ಇಷ್ಟೆಲ್ಲ ಆದ ಮೇಲೆ ಬೆಂಗಳೂರಿನಲ್ಲಿದ್ದ ದೊಡ್ಡ ಸಾಹೇಬರಿಗೆ ಬೇಸರ ಬಂತು. ವರ್ಷ ಮುಗಿಯುವುದರೊಳಗೆ ಏನಾದರೂ ಹೊಸದು ಕಂಡುಹಿಡಿಯದಿದ್ದರೆ ಕೋಲಾರದ ಕೆಲಸವನ್ನೇ ಮುಚ್ಚುತ್ತೇವೆ, ಕಂಡುಹಿಡಿದರೆ ಜಾಗಗಳನ್ನು ಖಾಯಂ ಮಾಡುತ್ತೇವೆ ಎಂದು ಹೇಳಿ ಕಳುಹಿಸಿದರು. ಅದೇ ವಾರ ಮಾವನೂ ಬಂದು, "ಖಾಯಂ ಆಯ್ತೇನಪ್ಪಾ? ಚಿಂತಾಮಣಿ ಕಡೆಯಿಂದ ಇನ್ನೊಂದು ಗಂಡಿನ ಕಡೆಯವ್ರು ಬಂದು ಹೋದ್ರು" ಎಂದರು. ಅಂದಿನಿಂದ ಸೀಸೆಗಳನ್ನು ಎರಡೆರಡು ಸಲ ತೊಳೆಯತೊಡಗಿದೆ.

ಗೌನಿಪಲ್ಲಿ ಕಡೆ ಒಂದರ ಕೆಳಗೆ ಒಂದು ಎರಡು ಕೆರೆಗಳಿದ್ದವು. ಮೇಲಿನ ಕೆರೆಯ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ ಬರುವ ಏರ್ಪಾಡು. ಸಾಹೇಬರು ಕೆಳಗಿನ ಕೆರೆಯಲ್ಲಿ ಗೀಟು ಹಾಕಿದ ಒಂದು ಕಂಬ ನೆಟ್ಟರು. ಅಳಿವೆಯಲ್ಲಿ ಉಬ್ಬರ ಅಳೆಯುವ ಕಂಬವಂತೆ. ಕೆರೆಯಲ್ಲಿ ಯಾಕೆ ಎಂದು ನಾನು ಕೇಳಲಿಲ್ಲ, ಖಾಯಂ ಆಗಬೇಕಿತ್ತಲ್ಲ.

ಆಶ್ಚರ್ಯವೆಂದರೆ ನೀರು ಏರಿತು! ಬೆಳಿಗ್ಗೆ ಹೋಗಿ ನೋಡಿದರೆ ಎರಡು ಬೆರಳು ಮೇಲೆ, ಸಂಜೆ ನೋಡಿದರೆ ಮತ್ತೆ ಕೆಳಗೆ. ಅದೂ ಬೆಳದಿಂಗಳ ದಿನಗಳಲ್ಲಿ ಮಾತ್ರ. ಹುಣ್ಣಿಮೆಯ ಹತ್ತಿರ ಚೆನ್ನಾಗಿ ಏರುತ್ತಿತ್ತು, ಕತ್ತಲ ದಿನಗಳಲ್ಲಿ ಅಲ್ಲಾಡುತ್ತಿರಲಿಲ್ಲ. ಸಾಹೇಬರು ಕಂಬವನ್ನು ತಬ್ಬಿಕೊಂಡು, "ಉಬ್ಬರ ಕಣಯ್ಯಾ! ಸಮುದ್ರದ ನೀರನ್ನು ಎಳೆಯೋ ಚಂದ್ರ ಕೋಲಾರದ ಕೆರೇನೂ ಎಳೀತಿದ್ದಾನೆ!" ಎಂದು ಕುಣಿದರು. ನನಗೂ ಸಂತೋಷವಾಯಿತು. ಚಂದ್ರನ ಮೇಲೆ ಅಷ್ಟು ಪ್ರೀತಿ ಪ್ರೇಮಿಗಳಿಗೂ ಬಂದಿರಲಾರದು.

ಖಚಿತ ಮಾಡಿಕೊಳ್ಳಲು ಮೇಲಿನ ಕೆರೆಯ ನೀರಗಂಟಿಯನ್ನು ಕರೆಸಿದರು. ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚುವವನು ಅವನೇ. ಮಗಳನ್ನು ಕೆಳಗಿನ ಊರಿಗೆ ಕೊಟ್ಟಿದ್ದ, ಅಳಿಯನ ಗದ್ದೆ ಕೆಳಗಿನ ಕೆರೆಯ ಬುಡದಲ್ಲೇ ಇತ್ತು.

"ಬೆಳದಿಂಗಳಿಗೂ ಈ ನೀರಿಗೂ ಸಂಬಂಧ ಇದೆಯೇನಯ್ಯಾ?"

ನೀರಗಂಟಿ ಒಂದು ಗಳಿಗೆ ಸಾಹೇಬರ ಮುಖ ನೋಡಿದ. ಆಮೇಲೆ ಆಕಾಶಕ್ಕೆ ಕೈ ಮುಗಿದ. "ಔನು ಸಾಮಿ. ಎಲ್ಲಾ ಆ ಚಂದ್ರಪ್ಪಂದೇ ದಯ. ಅವನಿಲ್ದಿದ್ರೆ ಒಂದು ತೊಟ್ಟೂ ಏರಲ್ಲ."

ಸಾಹೇಬರು ಅವನ ಕೈ ಕುಲುಕಿ, ಈ ಜಿಲ್ಲೆಯಲ್ಲಿ ವಿಜ್ಞಾನ ಅರ್ಥವಾಗುವವನು ಇವನೊಬ್ಬನೇ ಎಂದರು.

ಕುಡಿದವರು ಕೊಡಲಿ

ಸುದ್ದಿ ಹಬ್ಬಿತು. ಸಾಹೇಬರು ಪ್ರಬಂಧ ಬರೆದರು. ದೊಡ್ಡ ಸಾಹೇಬರು ಅದನ್ನು ಓದಿ, ಕಾಗುಣಿತ ತಿದ್ದಿ, ಆ ಶ್ರಮಕ್ಕಾಗಿ ಮೇಲುಗಡೆ ತಮ್ಮ ಹೆಸರು ಹಾಕಿ, ವಿದ್ವಾಂಸರ ಸಭೆಗೆ ಕಳುಹಿಸಿಬಿಟ್ಟರು.

ಮೇಲಿನ ಊರಿನ ಪಟೇಲರು ಮಾತ್ರ ಸಿಟ್ಟಾಗಿ ಬಂದರು. "ಸ್ವಾಮಿ, ನಮ್ಮ ಕೆರೆ ನೀರು ಇಳೀತಾ ಇದೆ. ಯಾರೋ ಕದೀತಾ ಇದಾರೆ."

"ಕಳವಲ್ಲ ಪಟೇಲರೇ. ಚಂದ್ರ ಎಳೀತಿದ್ದಾನೆ" ಎಂದು ಸಾಹೇಬರು ಒಂದು ನಿಂಬೆಹಣ್ಣು, ಒಂದು ತೆಂಗಿನಕಾಯಿ ಇಟ್ಟು ಭೂಮಿ ಚಂದ್ರರನ್ನು ತಿರುಗಿಸಿ ತೋರಿಸಿದರು.

ಪಟೇಲರು ಎಲ್ಲವನ್ನೂ ಶಾಂತವಾಗಿ ನೋಡಿದರು. ಎದ್ದು ಹೋಗುವಾಗ ತೆಂಗಿನಕಾಯಿಯನ್ನು ಕೈಗೆತ್ತಿಕೊಂಡು ಹೇಳಿದರು: "ಆಗ್ಲಿ ಸ್ವಾಮಿ. ಹಂಗಾದ್ರೆ ಈ ವರ್ಷದ ನೀರಿನ ಕಂದಾಯಾನೂ ಅವನ ಹತ್ರಾನೇ ವಸೂಲು ಮಾಡ್ಕೊಳ್ಳಿ. ಕುಡಿದವರು ಕೊಡ್ಲಿ."

ಹುಣ್ಣಿಮೆಯ ಮಾರನೆಯ ದಿನ

ಜಾಗ ಖಾಯಂ ಮಾಡುವ ಮುಂಚೆ ಒಮ್ಮೆ ಕಣ್ಣಾರೆ ನೋಡಬೇಕೆಂದು ದೊಡ್ಡ ಸಾಹೇಬರು ಹುಣ್ಣಿಮೆಗೇ ಬಂದರು. ಕೆಳಗಿನ ಕೆರೆಯ ಏರಿಯ ಪಕ್ಕ ಡೇರೆ ಹಾಕಿಸಿದೆವು. ಆ ಕಡೆ ಚಿರತೆ ಓಡಾಡುತ್ತದೆ ಎಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು. ಜಾಗ ಬಲ್ಲ ಗಟ್ಟಿ ಆಳೊಬ್ಬ ಕಾವಲಿಗೆ ಬೇಕು ಎಂದು ಹಟ ಹಿಡಿದು, ನೀರಗಂಟಿಯನ್ನೇ ಬೆಳಗಿನವರೆಗೆ ಡೇರೆಯ ಬಾಗಿಲಲ್ಲಿ ಕೂರಿಸಿಕೊಂಡರು. ಅವನು ಹೋಗಬೇಕೆಂದು ಎರಡು ಮೂರು ಸಲ ಗೋಗರೆದನಂತೆ, ಬಿಡಲಿಲ್ಲ.

ಬೆಳಿಗ್ಗೆ ಎಲ್ಲರೂ ಕಂಬದ ಹತ್ತಿರ ಹೋದೆವು. ನಾನು ಮುಂದೆ ಓಡಿದೆ. ನೀರು ನಿನ್ನೆ ಸಂಜೆ ಎಲ್ಲಿತ್ತೋ ಅಲ್ಲೇ ಇತ್ತು. ಕೂದಲೆಳೆಯಷ್ಟೂ ಏರಿರಲಿಲ್ಲ. ನನ್ನ ಕಣ್ಣ ಮುಂದೆ ಚಿಂತಾಮಣಿಯ ಗಂಡು ಬಾಸಿಂಗ ಕಟ್ಟಿಕೊಂಡು ನಿಂತ ಹಾಗಾಯಿತು.

"ಹುಣ್ಣಿಮೆ. ಚಂದ್ರ ರಾತ್ರಿಯೆಲ್ಲ ಇದ್ದ. ಉಬ್ಬರ ಎಲ್ಲಿ?" ಎಂದರು ದೊಡ್ಡ ಸಾಹೇಬರು.

ನಮ್ಮ ಸಾಹೇಬರು ಕಂಬ ನೋಡಿದರು, ಆಕಾಶ ನೋಡಿದರು, ಕೊನೆಗೆ ನೀರಗಂಟಿಯನ್ನು ನೋಡಿದರು. "ಯಾಕಯ್ಯಾ ಬರಲಿಲ್ಲ?"

ನಿದ್ದೆಗೆಟ್ಟ ನೀರಗಂಟಿಗೆ ರೇಗಿತು. "ಅದೆಂಗೆ ಬತ್ತದೆ ಸಾಮಿ? ರಾತ್ರಿಯೆಲ್ಲಾ ನನ್ನ ಇಲ್ಲೇ ಕಟ್ಟಾಕ್ಕೊಂಡು ಕೂತಿದ್ರಲ್ಲ!"

"ಚಂದ್ರ ಅಂದಿದ್ದೆಯಲ್ಲೋ!"

"ಚಂದ್ರನೇ ಸಾಮಿ, ಸುಳ್ಳು ಹೇಳಿಲ್ಲ. ಸೀಮೆಎಣ್ಣೆಗೆ ಕಂಟ್ರೋಲು. ಲಾಟೀನು ಹಚ್ಚೋ ಹಂಗಿಲ್ಲ. ಬೆಳದಿಂಗಳು ಇದ್ರೆ ತಾನೇ ಹಾವು ಹುಳ ನೋಡ್ಕೊಂಡು ಹೋಗಿ ಮೇಲಿನ ತೂಬು ಎತ್ತೋದು? ಹಗಲು ನಮ್ಮ ಅಳಿಯ ಗದ್ದೆಗೆ ಬಿಟ್ಕೋತಾನೆ. ಅಷ್ಟೇ."

ದೊಡ್ಡ ಸಾಹೇಬರ ಮುಖ ಕಪ್ಪಿಟ್ಟಿತು. ಪ್ರಬಂಧ ಹೋಗಿಯಾಗಿತ್ತು, ಅದರ ಮೇಲಿದ್ದದ್ದು ಅವರದೇ ಹೆಸರು. ಬೆತ್ತ ತಿರುಗಿಸುತ್ತ ಏರಿಯ ಮೇಲೆ ಆ ತುದಿಗೆ ಹೋದರು, ಈ ತುದಿಗೆ ಬಂದರು. ಆಮೇಲೆ ನೀರಗಂಟಿಯ ಹೆಗಲ ಮೇಲೆ ಕೈ ಇಟ್ಟು ಬಹಳ ಮೃದುವಾಗಿ ಕೇಳಿದರು: "ಪ್ರತಿ ಹುಣ್ಣಿಮೆಗೂ ತಪ್ಪದೆ ಏರಿಸಬಲ್ಲೆಯೇನಪ್ಪಾ?"

"ಸೀಮೆಎಣ್ಣೆ ಕೊಡ್ಸಿದ್ರೆ ಅಮಾಸೆಗೂ ಏರಿಸ್ತೀನಿ ಸಾಮಿ."

"ಅಮಾವಾಸ್ಯೆಗೂ ಏರಲೇಬೇಕು, ಶಾಸ್ತ್ರದಲ್ಲಿ ಹಾಗೇ ಇದೆ" ಎಂದು ನಮ್ಮ ಸಾಹೇಬರು ಉತ್ಸಾಹದಿಂದ ನಡುವೆ ಬಾಯಿ ಹಾಕಿದರು.

ಕೋಲಾರದ ಕೆಲಸ ಮುಚ್ಚಲಿಲ್ಲ. ಸಾಹೇಬರು ಖಾಯಂ ಆದರು. ಸಹಾಯಕನ ಜಾಗವೂ ಖಾಯಂ ಆಯಿತು. ಜಾಗ ಒಂದೇ ಇದ್ದದ್ದು, ಅದಕ್ಕೆ ನೀರಗಂಟಿಯನ್ನು ತೆಗೆದುಕೊಂಡರು. ಸೀಸೆ ತೊಳೆಯುವವರು ಎಲ್ಲಿ ಬೇಕಾದರೂ ಸಿಗುತ್ತಾರೆ, ಉಬ್ಬರ ತರುವವನು ಒಬ್ಬನೇ ಎಂದು ನನಗೆ ಸಮಾಧಾನ ಹೇಳಿ ಕಳುಹಿಸಿದರು. ಮೇಲಿನ ಊರಿನ ಪಟೇಲರು ನನಗೆ ದಾರಿಯಲ್ಲಿ ಸಿಕ್ಕಿ, "ಕಳ್ಳತನ ಅಂತ ದೂರು ಕೊಡೋಣ ಅಂದ್ರೆ ಅದೀಗ ಸರ್ಕಾರಿ ಕೆಲಸ ಆಗೋಯ್ತಲ್ಲಪ್ಪಾ" ಎಂದು ತಲೆ ಚಚ್ಚಿಕೊಂಡರು. ನನಗೆ ಅವರಿಗಿಂತ ಹೆಚ್ಚು ಹೊಟ್ಟೆ ಉರಿಯುತ್ತಿತ್ತು. ಅಳು ಬಂದಿತ್ತು ಎಂದು ಹೇಳಿಕೊಳ್ಳಲು ನನಗೆ ಈಗ ನಾಚಿಕೆ ಇಲ್ಲ.

ಅಲ್ಲಿಂದ ನೇರ ಶ್ರೀನಿವಾಸಪುರಕ್ಕೆ ಹೋದೆ. ಬಸ್ಸು ತಳ್ಳಿ ತಳ್ಳಿ ಕೈಯೆಲ್ಲ ಇದ್ದಿಲಾಗಿತ್ತು. ಮಾವ ತೋಪಿನಲ್ಲಿ ಕಾಯಿ ಕೀಳಿಸುತ್ತಿದ್ದರು, ಸುದ್ದಿ ನನಗಿಂತ ಮುಂಚೆಯೇ ಅಲ್ಲಿಗೆ ಮುಟ್ಟಿತ್ತು. ನಾನು ಉಸಿರು ಬಿಡದೆ ಎಲ್ಲವನ್ನೂ ಹೇಳಿದೆ. ಕೆರೆಗೆ ಉಬ್ಬರ ಬರುವುದೇ ಇಲ್ಲ, ಎಲ್ಲ ಶುದ್ಧ ಮೋಸ, ನನ್ನದೇನೂ ತಪ್ಪಿಲ್ಲ ಎಂದೆ.

ಮಾವ ಸಾವಧಾನವಾಗಿ ಕೇಳಿ, ನನ್ನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದರು.

"ಮೋಸ ಅಂತ ನಂಗೂ ಗೊತ್ತು ಕಣಪ್ಪಾ. ಆದ್ರೆ ನೋಡು, ಅವನು ಅಳಿಯನ ಗದ್ದೇನೂ ನೆನೆಸ್ದ, ಸರ್ಕಾರದ ಸಂಬಳಾನೂ ಹೊಡ್ಕೊಂಡ. ನೀನು ಅಷ್ಟು ದಿನ ಅದೇ ಕೆರೆ ದಡದಲ್ಲಿ ಇದ್ದೂ ಒಂದು ಬೆರಳು ನೀರು ಏರಿಸೋಕೆ ಆಗ್ಲಿಲ್ಲ. ನನ್ನ ಮಗಳನ್ನ ಹೆಂಗೆ ಸಾಕ್ತೀಯ?"